ಕಾಯುವ ನಗರ

ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೩೭ ಕಿಲೋಮೀಟರುಗಳ ದೂರದಲ್ಲಿ, ಮಲಯ ಪರ್ಯಾಯದ್ವೀಪದ ತುದಿಗೆ ಅಂಟಿಕೊಂಡಂತಿರುವ ಸಿಂಗಪುರದ ಹೆಸರನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ಸುಮಾತ್ರದ ಕಡೆಯಿಂದ ಬಂದ ರಾಜಕುಮಾರನೊಬ್ಬನು ಇಲ್ಲಿ ಸಿಂಹದಂತಹ ಮೃಗವನ್ನು ಕಂಡು ಊರಿಗೆ ಈ ಹೆಸರನ್ನಿಟ್ಟನೆಂದು ಮಲಯರ ಐತಿಹ್ಯವು ಹೇಳುವುದು. ಹೆಸರೇನೋ ಶುದ್ಧ ಸಂಸ್ಕೃತ. ಸಿಂಹವು ಮಾತ್ರ ಆ ಕಾಡಿನಲ್ಲಿ ಎಂದೂ ಇದ್ದುದಲ್ಲ. ಆದರೂ ವರ್ಷಕ್ಕೊಮ್ಮೆ, ಮೂರು ದಿನಗಳ ಕಾಲ, ಆ ಪಟ್ಟಣದ ಬೀದಿಗಳಲ್ಲಿ ಗರ್ಜನೆಯು ಕೇಳಿಬರುವುದುಂಟು. ಅದು ಗ್ರ್ಯಾನ್ ಪ್ರಿ ಎಂಬ ಮೋಟಾರು ಪಂದ್ಯದ ಗರ್ಜನೆ. ಫ್ರೆಂಚ್ ಭಾಷೆಯ ಆ ಮಾತಿಗೆ ‘ಮಹಾ ಬಹುಮಾನ’ವೆಂದು ಅರ್ಥ.

೨೦೨೫ನೆಯ ಇಸವಿಯ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ನಾವು ಅಲ್ಲಿದ್ದೆವು. ಪಂದ್ಯವು ೫ನೆಯ ತಾರೀಖು ಭಾನುವಾರ ರಾತ್ರಿ ನಡೆಯಬೇಕಾಗಿತ್ತು. ಮೋಟಾರಿನ ಯಂತ್ರರಹಸ್ಯಗಳಲ್ಲಿ ನಮಗೆ ಪರಿಶ್ರಮವಿಲ್ಲ. ಆದರೆ ತೇರಿಗಿಂತಲೂ ತೇರಿನ ಹಿಂದಿನ ದಿನದ ಸಂಭ್ರಮವೇ ಹೆಚ್ಚೆಂಬುದನ್ನು ಬಲ್ಲವರಾದುದರಿಂದ, ಪಂದ್ಯಕ್ಕಾಗಿ ಕಾಯುತ್ತಿದ್ದ ಜನರನ್ನು ನೋಡುವ ಕುತೂಹಲವು ನಮ್ಮನ್ನು ಬೀದಿಗೆ ಎಳೆಯಿತು.

ಈ ಪಂದ್ಯಕ್ಕೆ ಬೇರೆ ಕಡೆಗಳಲ್ಲಿರುವಂತೆ ಊರ ಹೊರಗೆ ಕಟ್ಟಿದ ಅಂಕಣವಿಲ್ಲ. ಮರೀನಾ ಕೊಲ್ಲಿಯ ಸುತ್ತಲಿನ ರಾಜಬೀದಿಗಳನ್ನೇ ತಡೆಗೋಡೆಗಳಿಂದ ಬಂಧಿಸಿ ಪಂದ್ಯದ ದಾರಿಯನ್ನಾಗಿ ಮಾಡುವರು. ನಿನ್ನೆಯವರೆಗೆ ಬಸ್ಸುಗಳು ಓಡಾಡುತ್ತಿದ್ದ ದಾರಿಯಲ್ಲಿ ಇಂದು ಗಂಟೆಗೆ ಮುನ್ನೂರು ಕಿಲೋಮೀಟರುಗಳ ಸಮೀಪದ ವೇಗದಿಂದ ಬಂಡಿಗಳು ಹಾರುವುವು. ಒಂದು ಸುತ್ತಿಗೆ ಸುಮಾರು ಐದು ಕಿಲೋಮೀಟರು, ತಿರುವುಗಳು ಹತ್ತೊಂಬತ್ತು, ಒಟ್ಟು ಸುತ್ತುಗಳು ಅರುವತ್ತೆರಡು. ೧೯೧೦ರಲ್ಲಿ ಕಟ್ಟಿದ ಆಂಡರ್ಸನ್ ಸೇತುವೆಯ ಉಕ್ಕಿನ ಕಮಾನುಗಳ ಕೆಳಗೂ ಈ ದಾರಿಯು ಹಾಯುವುದು. ಪಡಾಂಗ್ ಎಂಬ ಹಸುರು ಮೈದಾನದ ಪಕ್ಕದಲ್ಲಿಯೂ ಹೋಗುವುದು. ಭಾರತೀಯರಾದ ನಮಗೆ ಆ ಮೈದಾನವು ಬೇರೊಂದು ಕಾರಣದಿಂದ ಸ್ಮರಣೀಯ. ೧೯೪೩ನೆಯ ಜುಲೈ ೫ರಂದು ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಸೈನ್ಯದ ವಂದನೆಯನ್ನು ಸ್ವೀಕರಿಸಿದುದು ಅಲ್ಲಿಯೇ. ಎರಡು ವರ್ಷಗಳ ತರುವಾಯ, ೧೯೪೫ನೆಯ ಸೆಪ್ಟೆಂಬರ್ ೧೨ರಂದು, ಜಪಾನೀಯರು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದುದು ಎದುರಿನ ಕಂಬಸಾಲಿನ ಸೌಧದಲ್ಲಿ. ಇಷ್ಟು ಚರಿತ್ರೆಯನ್ನು ಕಂಡ ಬೀದಿಯು ಈಗ ಮೋಟಾರಿನ ತೇರುಬೀದಿಯಾಗಿದೆ.

ಮೋಟಾರು ಪಂದ್ಯವು ಆ ಊರಿಗೆ ಹೊಸತಲ್ಲ. ೧೯೬೧ರಿಂದ ೧೯೭೩ರವರೆಗೆ ಥಾಮ್ಸನ್ ರಸ್ತೆಯ ಕಡೆ, ಮರಗಳ ನಡುವಿನ ಸಾಮಾನ್ಯ ದಾರಿಯಲ್ಲಿ, ಹಗಲು ಬಿಸಿಲಿನಲ್ಲಿಯೇ ಪಂದ್ಯಗಳು ನಡೆದುವು. ಆ ದಾರಿಯು ಕೆಲವರ ಪ್ರಾಣವನ್ನು ತೆಗೆದುಕೊಂಡಿತು. ೧೯೭೩ರ ತರುವಾಯ ಪಂದ್ಯವು ನಿಂತುಹೋಯಿತು. ಮೂವತ್ತೈದು ವರ್ಷಗಳಾದ ಮೇಲೆ, ೨೦೦೮ನೆಯ ಸೆಪ್ಟೆಂಬರ್ ೨೮ರಂದು, ಫಾರ್ಮುಲಾ ಒನ್ನಿನ ಇತಿಹಾಸದಲ್ಲಿಯೇ ಮೊದಲನೆಯ ರಾತ್ರಿಯ ಪಂದ್ಯವಾಗಿ ಅದು ಪುನರ್ಜನ್ಮವನ್ನು ಪಡೆಯಿತು. ದಾರಿಯುದ್ದಕ್ಕೂ ಸುಮಾರು ಒಂದೂವರೆ ಸಾವಿರ ದೀಪಗಳನ್ನು ತೂಗುಹಾಕಿ ರಾತ್ರಿಯನ್ನು ಹಗಲಾಗಿಸುವರು.

ನಾವು ಹೋದ ದಿನ ತಡೆಗೋಡೆಯ ಉದ್ದಕ್ಕೂ ಜನರು ಗುಂಪುಗುಂಪಾಗಿ ನಿಂತಿದ್ದರು. ಫೆರಾರಿ ಪಕ್ಷದವರದು ಕೆಂಪು ಅಂಗಿ, ಮೆಕ್ಲಾರೆನ್ ಪಕ್ಷದವರದು ಕಿತ್ತಳೆ ಅಂಗಿ. ಒಬ್ಬರು ಮತದಿಂದ ವೈಷ್ಣವರೋ ಶೈವರೋ ಎಂಬುದು ನಾಮ ವಿಭೂತಿಗಳಿಂದ ತಿಳಿಯುವಂತೆ, ಇವರ ಇಷ್ಟದೈವವು ಟೋಪಿಯ ಬಣ್ಣದಿಂದಲೇ ತಿಳಿಯುತ್ತಿತ್ತು. ಆಸ್ಟ್ರೇಲಿಯಾ, ಜಪಾನ್, ಇಂಗ್ಲೆಂಡ್ ಮೊದಲಾದ ದೇಶಗಳಿಂದ ಬಂದವರ ನಡುವೆ ನಮ್ಮ ದೇಶದವರೂ ಬಹುಮಂದಿ ಇದ್ದರು. ಇದಕ್ಕೆ ಕಾರಣವಿದೆ. ದೆಹಲಿಯ ಬಳಿಯ ಗ್ರೇಟರ್ ನೋಯಿಡಾದಲ್ಲಿ ೨೦೧೧ರಿಂದ ೨೦೧೩ರವರೆಗೆ ಮೂರೇ ಸಲ ಭಾರತದ ಗ್ರ್ಯಾನ್ ಪ್ರಿ ನಡೆದು ನಿಂತಿತು. ಆಮೇಲೆ ಪಂದ್ಯವನ್ನು ಕಣ್ಣಾರೆ ಕಾಣಬಯಸುವ ಬೆಂಗಳೂರಿನ ತರುಣರಿಗೆ, ವಿಮಾನದಲ್ಲಿ ನಾಲ್ಕೈದು ಗಂಟೆಗಳ ದಾರಿಯಾದ ಸಿಂಗಪುರವು ಯಾತ್ರಾಸ್ಥಳವಾಯಿತು.

ಅಂತಹವರಲ್ಲಿ ಒಬ್ಬನು ನಮ್ಮ ಹಳೆಯ ಶಿಷ್ಯನು. ಕೈಯಲ್ಲಿ ಬೀಸಣಿಗೆ, ಕೊರಳಲ್ಲಿ ಒದ್ದೆಯ ವಸ್ತ್ರ, ಮುಖದಲ್ಲಿ ಹಬ್ಬದ ಕಳೆ.

“ಮೇಷ್ಟ್ರೇ, ಈ ಸಲ ಸೆಖೆ ವಿಪರೀತವಂತೆ. ಪಂದ್ಯ ಬಹಳ ಚೆನ್ನಾಗಿರುತ್ತೆ!” ಎಂದನು.

“ಚೆನ್ನಾಗಿರುವುದು ಯಾರಿಗಪ್ಪಾ?” ಎಂದೆವು.

ಅವನು ನಕ್ಕು, “ನೋಡೋರಿಗೆ, ಮೇಷ್ಟ್ರೇ. ಕಷ್ಟವಾದರೆ ತಾನೆ ಗಟ್ಟಿಗ ಯಾರು ಅನ್ನೋದು ಗೊತ್ತಾಗೋದು?” ಎಂದನು.

ಈ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಅದು ಕೇವಲ ಹುಡುಗುಮಾತಲ್ಲ. ಕಷ್ಟವಿಲ್ಲದಲ್ಲಿ ಪೌರುಷದ ಪರೀಕ್ಷೆಯಿಲ್ಲವೆಂಬುದನ್ನು ನಮ್ಮ ಪುರಾಣಗಳೂ ಒಪ್ಪುವುವು. ತಪಸ್ಸೆಂಬ ಶಬ್ದವೇ ಸುಡುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಆದರೆ ಕಷ್ಟವನ್ನು ಸಹಿಸುವವನೊಬ್ಬನು, ಅದನ್ನು ಬಯಸುವವನು ಮತ್ತೊಬ್ಬನು ಆದಾಗ ವಿಚಾರಮಾಡಬೇಕಾಗುವುದು.

ಆ ಊರಿನ ಸೆಖೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಬಳ್ಳಾರಿ ರಾಯಚೂರುಗಳ ಬಿಸಿಲು ಇದಕ್ಕಿಂತ ಬಹಳ ಉಗ್ರವಾದುದು. ಆದರೆ ಅದು ಒಣಬಿಸಿಲು. ಬೆವರು ಹುಟ್ಟಿದೊಡನೆ ಆರುವುದು, ಆರುವಾಗ ಮೈಯನ್ನು ತಂಪುಮಾಡುವುದು. ಸಿಂಗಪುರದಲ್ಲಿ ರಾತ್ರಿ ಎಂಟು ಗಂಟೆಗೆ ಉಷ್ಣಮಾನವು ಮೂವತ್ತು ಡಿಗ್ರಿಗಳ ಆಸುಪಾಸಿನಲ್ಲಿಯೇ ಇರುವುದಾದರೂ ಗಾಳಿಯು ನೀರಿನಿಂದ ತುಂಬಿರುವುದರಿಂದ ಬೆವರು ಆರಲು ಎಡೆಯಿಲ್ಲ. ಅದು ಹರಿಯುವುದೇ ಹೊರತು ತಂಪನ್ನೀಯುವುದಿಲ್ಲ. ಕರಾವಳಿಯ ನಮ್ಮ ಮಂಗಳೂರಿನವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇಂತಹ ಹವೆಯಲ್ಲಿ ಪಂದ್ಯದ ಸಾರಥಿಯು ಬೆಂಕಿ ಹಿಡಿಯದ ಬಟ್ಟೆಯ ಹಲವು ಪದರುಗಳನ್ನೂ, ಕೈಗವಸನ್ನೂ, ಮುಸುಕನ್ನೂ, ಅದರ ಮೇಲೆ ಶಿರಸ್ತ್ರಾಣವನ್ನೂ ಧರಿಸಿ, ಕಾದ ಯಂತ್ರದ ಮುಂದೆ ಇಕ್ಕಟ್ಟಾದ ಗೂಡಿನಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಎರಡು ಗಂಟೆಗಳ ಹತ್ತಿರ ಕುಳಿತಿರಬೇಕು. ಆ ಗೂಡಿನೊಳಗಿನ ಉಷ್ಣವು ಐವತ್ತು ಡಿಗ್ರಿಗಳನ್ನು ದಾಟುವುದುಂಟು. ಒಂದು ಪಂದ್ಯದಲ್ಲಿ ದೇಹವು ಎರಡು ಮೂರು ಕಿಲೋಗ್ರಾಮುಗಳಷ್ಟು ತೂಕವನ್ನು ಬೆವರಿನ ಮೂಲಕವೇ ಕಳೆದುಕೊಳ್ಳಬಹುದು. ಗೋಡೆಗಳು ಎರಡು ಪಕ್ಕಗಳಲ್ಲಿಯೂ ಒತ್ತಿಕೊಂಡಿರುವ ದಾರಿಯಲ್ಲಿ ಕ್ಷಣಮಾತ್ರ ಮನಸ್ಸು ಮಂಕಾದರೂ ಅನಾಹುತವಾಗುವುದು.

ಉಷ್ಣದಿಂದಾದ ವಿಪತ್ತುಗಳಿಗೆ ಈ ಆಟದ ಚರಿತ್ರೆಯಲ್ಲಿ ಉದಾಹರಣೆಗಳಿವೆ. ೧೯೮೪ನೆಯ ಜುಲೈಯಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಪಂದ್ಯದ ದಿನ ಬಿಸಿಲಿಗೆ ದಾರಿಯ ಡಾಂಬರೇ ಕಿತ್ತುಬಂದಿತು. ಕೊನೆಯ ಸುತ್ತಿನಲ್ಲಿ ಕೆಟ್ಟುನಿಂತ ತನ್ನ ಬಂಡಿಯನ್ನು ಗುರಿಯವರೆಗೆ ತಳ್ಳಹೋದ ನೈಜೆಲ್ ಮ್ಯಾನ್ಸೆಲ್ ಎಂಬವನು ದಾರಿಯಲ್ಲಿಯೇ ಕುಸಿದುಬಿದ್ದನು. ಗೆದ್ದ ಕೆಕೆ ರೋಸ್‌ಬರ್ಗ್ ತಲೆಯನ್ನು ತಂಪಾಗಿಡುವ ವಿಶೇಷವಾದ ಕುಲಾವಿಯೊಂದನ್ನು ಶಿರಸ್ತ್ರಾಣದೊಳಗೆ ಧರಿಸಿದ್ದನು. ಸಮೀಪದ ನಿದರ್ಶನವು ೨೦೨೩ನೆಯ ಅಕ್ಟೋಬರ್ ೮ರಂದು ಕತಾರ್ ದೇಶದಲ್ಲಿ ನಡೆದುದು. ಅಂದು ಲೋಗನ್ ಸಾರ್ಜೆಂಟ್ ಎಂಬ ತರುಣನು ಬಳಲಿ ಪಂದ್ಯವನ್ನು ಅರ್ಧಕ್ಕೆ ಬಿಟ್ಟನು. ಎಸ್ತೆಬಾನ್ ಓಕಾನ್ ಶಿರಸ್ತ್ರಾಣದೊಳಗೆಯೇ ವಾಂತಿಮಾಡಿಕೊಂಡು ಓಡಿಸಿದನು. ಪಂದ್ಯವು ಮುಗಿದ ಮೇಲೆ ಅಲೆಕ್ಸ್ ಆಲ್ಬನ್ನನನ್ನು ಚಿಕಿತ್ಸಾಲಯಕ್ಕೆ ಕರೆದೊಯ್ದರು.

ಆ ರಾತ್ರಿಯ ಫಲವಾಗಿ ಒಂದು ಹೊಸ ನಿಯಮವು ೨೦೨೫ರಲ್ಲಿ ಜಾರಿಗೆ ಬಂದಿತು. ಉಷ್ಣ ಆರ್ದ್ರತೆಗಳೆರಡನ್ನೂ ಕೂಡಿಸಿ ಲೆಕ್ಕಹಾಕಿದ ತಾಪಸೂಚಿಯು ಪಂದ್ಯದ ಹೊತ್ತಿನಲ್ಲಿ ೩೧ ಡಿಗ್ರಿಗಳನ್ನು ಮೀರುವುದೆಂಬ ಮುನ್ಸೂಚನೆಯಿದ್ದರೆ, ‘ಉಷ್ಣಾಪಾಯ’ವೆಂದು ಅಧಿಕಾರಿಗಳು ಸಾರತಕ್ಕದ್ದು. ಆಗ ಪ್ರತಿಯೊಂದು ಬಂಡಿಯಲ್ಲಿಯೂ ಸಾರಥಿಯನ್ನು ತಂಪುಮಾಡುವ ಯಂತ್ರವನ್ನು ಅಳವಡಿಸಬೇಕು. ಅದರ ಭಾರಕ್ಕಾಗಿ ಬಂಡಿಯ ಕನಿಷ್ಠ ತೂಕವನ್ನು ೫ ಕಿಲೋಗ್ರಾಮು ಹೆಚ್ಚಿಸುವರು. ಸಣ್ಣ ಕೊಳವೆಗಳನ್ನು ಹೊಲಿದ ಒಳಂಗಿಯಲ್ಲಿ ತಣ್ಣನೆಯ ದ್ರವವು ಹರಿಯುವುದು. ಆ ವರ್ಷ ಅಂಗಿಯನ್ನು ತೊಡುವುದೂ ಬಿಡುವುದೂ ಸಾರಥಿಯ ಇಷ್ಟವಾಗಿತ್ತು. ಆದರೆ ತೊಡದವನಿಗೆ ಲಾಭವಾಗದಂತೆ ಅರ್ಧ ಕಿಲೋಗ್ರಾಮಿನ ಭಾರವನ್ನು ಬಂಡಿಯಲ್ಲಿಡುತ್ತಿದ್ದರು. ಈ ನಿಯಮದ ಮೇರೆಗೆ ಮೊಟ್ಟಮೊದಲ ಸಲ ಉಷ್ಣಾಪಾಯವನ್ನು ಸಾರಿದುದು ನಾವು ಕಂಡ ಈ ಸಿಂಗಪುರದ ಪಂದ್ಯಕ್ಕೇ.

ಕಾಯುತ್ತಿದ್ದವರ ಬಾಯಲ್ಲೆಲ್ಲ ಅದೇ ಚರ್ಚೆ. ಇದು ಗಂಡಸರ ಆಟವನ್ನು ಮೆತ್ತಗೆ ಮಾಡುವ ಉಪಾಯವೆಂದು ಕೆಲವರು. ಪಟ್ಟಿಗಳ ಕೆಳಗೆ ಕೊಳವೆಗಳು ಒತ್ತಿ ನೋಯಿಸುವುವೆಂದೂ, ತಂಪು ತೀರಿದ ಮೇಲೆ ಆ ದ್ರವವೇ ಬಿಸಿಯಾಗುವುದೆಂದೂ ಕೆಲವರು. ಪ್ರಾಣಕ್ಕಿಂತ ಪಂದ್ಯವು ದೊಡ್ಡದೇ ಎಂದು ಮತ್ತೆ ಕೆಲವರು. ನಮ್ಮ ಶಿಷ್ಯನು ಮೊದಲನೆಯ ಪಕ್ಷದವನೆಂದು ಬೇರೆ ಹೇಳಬೇಕಾಗಿಲ್ಲ.

ನಾವು ಅವನನ್ನು ಪಂದ್ಯದ ಬೀದಿಯಿಂದ ಸ್ವಲ್ಪ ದೂರಕ್ಕೆ, ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಗೆ ಕರೆದುಕೊಂಡು ಹೋದೆವು. ೧೮೨೭ರಲ್ಲಿ ಸ್ಥಾಪಿತವಾದ ಆ ಗುಡಿಯಲ್ಲಿ, ಪ್ರತಿವರ್ಷವೂ ದೀಪಾವಳಿಗೆ ಸುಮಾರು ಒಂದು ವಾರ ಮುಂಚೆ, ಎಂದರೆ ಹೆಚ್ಚುಕಡಮೆ ಈ ಪಂದ್ಯದ ದಿನಗಳಲ್ಲಿಯೇ, ಕೆಂಡದ ಸೇವೆಯು ನಡೆಯುವುದು. ಹರಕೆ ಹೊತ್ತವರು ಸೆರಂಗೂನ್ ರಸ್ತೆಯ ಪೆರುಮಾಳ್ ದೇವಾಲಯದಿಂದ ಸುಮಾರು ನಾಲ್ಕು ಕಿಲೋಮೀಟರು ನಡೆದು ಬಂದು ಕೆಂಡವನ್ನು ತುಳಿಯುವರು. ನಮ್ಮ ಮೈಸೂರು ಸೀಮೆಯ ಗ್ರಾಮಗಳಲ್ಲಿ ಕೊಂಡ ಹಾಯುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ. ಅಲ್ಲಿ ಕೊಂಡದ ಕೊನೆಯಲ್ಲಿ ಹಾಲಿನ ಗುಂಡಿಯಿರುವುದು. ಎಡವಿದವನನ್ನು ಹಿಡಿದೆತ್ತಲು ಪಕ್ಕದಲ್ಲಿ ಜನರು ನಿಂತಿರುವರು.

“ಹಾಲಿನ ಗುಂಡಿಯಿದೆಯೆಂದು, ಹಿಡಿಯುವವರಿದ್ದಾರೆಂದು, ಆ ಭಕ್ತನ ಹರಕೆ ಕಡಮೆಯಾಯಿತೇನಪ್ಪಾ?” ಎಂದು ಕೇಳಿದೆವು.

“ಇಲ್ಲ ಮೇಷ್ಟ್ರೇ. ಕೆಂಡ ಕೆಂಡವೇ” ಎಂದನು.

“ಹಾಗಾದರೆ ತಂಪಂಗಿ ತೊಟ್ಟವನ ಪೌರುಷವೂ ಪೌರುಷವೇ.”

ಅವನು ಸುಮ್ಮನಾದನು, ಪೂರ್ತಿಯಾಗಿ ಒಪ್ಪಿದನೆಂದು ಹೇಳಲಾರೆವು.

ಹಿಂದಿರುಗುವಾಗ ಮತ್ತೊಂದು ದೃಶ್ಯವನ್ನು ಕಂಡೆವು. ತಡೆಗೋಡೆಯ ಬಳಿ ಕೆಲಸಗಾರರು ಕೆಲವರು ನೆರಳಿನಲ್ಲಿ ಕುಳಿತು ನೀರು ಕುಡಿಯುತ್ತಿದ್ದರು. ತಮಿಳುನಾಡು, ಬಂಗ್ಲಾದೇಶ ಮೊದಲಾದ ಕಡೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಇಂತಹವರ ಬೆವರಿನಿಂದಲೇ ಆ ನಗರದ ಕಟ್ಟಡಗಳೆಲ್ಲ ಎದ್ದಿರುವುವು. ಈ ಪಂದ್ಯಕ್ಕಾಗಿಯೂ ಕೆಲವು ತಿಂಗಳು ಮುಂಚಿನಿಂದ ಗೋಡೆ, ದೀಪ, ಆಸನಗಳನ್ನು ನಿಲ್ಲಿಸುವ ಕಾರ್ಯವು ನಡೆಯುವುದು. ಕತಾರಿನ ಪಂದ್ಯವು ನಡೆದ ೨೦೨೩ರ ಅಕ್ಟೋಬರಿನಲ್ಲಿಯೇ ಸಿಂಗಪುರದ ಸರಕಾರವು ಬಯಲಿನಲ್ಲಿ ದುಡಿಯುವವರಿಗಾಗಿ ಒಂದು ಕಟ್ಟಳೆಯನ್ನು ಮಾಡಿತು. ಒದ್ದೆಬಟ್ಟೆಯ ಉಷ್ಣಮಾಪಕವನ್ನು ಸೇರಿಸಿ ಅಳೆದ ತಾಪವು ೩೨ ಡಿಗ್ರಿಗಳನ್ನು ಮುಟ್ಟಿದರೆ, ಕಷ್ಟದ ಕೆಲಸ ಮಾಡುವವರಿಗೆ ಗಂಟೆಗೆ ಹತ್ತು ನಿಮಿಷಕ್ಕೆ ಕಡಮೆಯಿಲ್ಲದ ವಿಶ್ರಾಂತಿ. ೩೩ಕ್ಕೆ ಏರಿದರೆ ಹದಿನೈದು ನಿಮಿಷ. ಕೋಟಿಗಟ್ಟಲೆ ಸಂಬಳದ ಸಾರಥಿಗೆ ತಂಪಂಗಿ, ದಿನಗೂಲಿಯವನಿಗೆ ಹತ್ತು ನಿಮಿಷದ ನೆರಳು! ಎರಡರಲ್ಲಿ ಯಾವುದು ಹೆಚ್ಚಿನದೆಂದು ಕೇಳಿದರೆ, ನಾವು ಎರಡನೆಯದನ್ನೇ ಹೇಳುವೆವು. ಅದನ್ನು ಬೇಡಲು ಅವನಿಗೆ ಬಾಯಿ ಚಿಕ್ಕದು.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಮೂರು ಅರ್ಥಗಳುಂಟು. ದಾರಿ ನೋಡುವುದೂ ಕಾಯುವುದೇ, ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ. ಆ ವಾರ ಸಿಂಗಪುರದಲ್ಲಿ ಮೂರೂ ಒಂದೇ ಬೀದಿಯಲ್ಲಿದ್ದುವು. ಸಾವಿರಾರು ಜನರು ಪಂದ್ಯಕ್ಕಾಗಿ ಕಾಯುತ್ತಿದ್ದರು. ಬೀದಿಯೂ ಯಂತ್ರವೂ ಮನುಷ್ಯರ ಮೈಯೂ ಕಾಯುತ್ತಿದ್ದುವು. ಬಾವುಟ ಹಿಡಿದ ಸ್ವಯಂಸೇವಕರು, ವೈದ್ಯರು, ಬೆಂಕಿ ಆರಿಸುವವರು ಪ್ರಾಣಗಳನ್ನು ಕಾಯಲು ತಡೆಗೋಡೆಯ ಹಿಂದೆ ಸಜ್ಜಾಗುತ್ತಿದ್ದರು. ಮೂರನೆಯದಿಲ್ಲದಿದ್ದರೆ ಮೊದಲನೆಯದು ಕ್ರೌರ್ಯಕ್ಕೆ ಸಮೀಪವಾಗುವುದು. ಥಾಮ್ಸನ್ ರಸ್ತೆಯ ಪಂದ್ಯವು ಮೂವತ್ತೈದು ವರ್ಷ ನಿಂತುಹೋದುದನ್ನು ನೆನೆದರೆ, ಕಾಯುವವರಿಲ್ಲದ ಆಟವು ಬಹುಕಾಲ ಬಾಳದೆಂದೂ ತಿಳಿಯುವುದು.

ಭಾನುವಾರ ಸಂಜೆ ದೀಪಗಳು ಹೊತ್ತಿದುವು. ಕೊಲ್ಲಿಯ ನೀರಿನಲ್ಲಿ ಅವುಗಳ ನೆರಳು ನಡುಗುತ್ತಿತ್ತು. ಆ ರಾತ್ರಿ ಗೆದ್ದವನು ಮರ್ಸಿಡೀಸ್ ಪಕ್ಷದ ಜಾರ್ಜ್ ರಸೆಲ್ ಎಂಬ ಇಂಗ್ಲಿಷ್ ತರುಣನು. ನಮ್ಮ ಶಿಷ್ಯನ ಪಕ್ಷವು ಬೇರೆಯಾಗಿತ್ತು. ಆದರೂ ಅವನು ಚಪ್ಪಾಳೆ ತಟ್ಟಿದನೆಂದು ಮರುದಿನ ತಿಳಿಸಿದನು.

ಮುಂದೆ ಈ ಪಂದ್ಯವನ್ನು ನೋಡಲು ಹೋಗುವ ಮಕ್ಕಳಿರುವ ಗೃಹಸ್ಥರು ಅವರಿಗೆ ಒಂದೆರಡು ಮಾತು ಹೇಳಿ ಕಳುಹಿಸಲಿ. ಹತ್ತಿಯ ತೆಳುವಾದ ಬಟ್ಟೆ ಇರಲಿ. ಬಾಯಾರುವ ಮುಂಚೆಯೇ ನೀರು ಕುಡಿಯಲಿ. ತಲೆಸುತ್ತು ಬಂದರೆ ಸಂಕೋಚಪಡದೆ ನೆರಳಿಗೆ ಬರಲಿ. ಪಕ್ಕದಲ್ಲಿ ನಿಂತವನು ಬೆವರುವುದನ್ನು ನಿಲ್ಲಿಸಿ ಮಂಕಾದರೆ, ಅವನು ಯಾವ ಬಣ್ಣದ ಟೋಪಿಯವನೆಂದು ನೋಡದೆ ವೈದ್ಯರನ್ನು ಕರೆಯಲಿ.