ನೆಗ್ಗು ತೆಗೆಯುವ ವಿದ್ಯೆ

ಹಿತ್ತಾಳೆಯ ಕೊಡ ನೆಗ್ಗಿದರೆ ನಮ್ಮ ಹಿರಿಯರು ಅದನ್ನು ಅಟ್ಟದ ಮೇಲಿಟ್ಟು, ಅಂಥವು ಮೂರು ನಾಲ್ಕು ಕೂಡಿದ ಮೇಲೆ ಕಂಚುಗಾರನ ಬಳಿಗೆ ಕಳುಹಿಸುತ್ತಿದ್ದರು. ಅವನು ಕೊಡದ ಹೊರಮೈಯನ್ನು ಅಂಗೈಯಿಂದ ಸವರಿ ನೋಡಿ, ಒಳಗಿನಿಂದ ಮೆಲ್ಲಮೆಲ್ಲನೆ ತಟ್ಟುತ್ತಿದ್ದನು. ಕೊಡ ಮರಳಿ ದುಂಡಗಾಗುತ್ತಿತ್ತು. ಕೊಡ ನೆಗ್ಗಿತೆಂದು ಯಾರೂ ನಿದ್ರೆಗೆಟ್ಟುದನ್ನು ನಾನು ಕಂಡಿಲ್ಲ. ಕಾರು ನೆಗ್ಗಿದರೆ ಮಾತ್ರ ಮನೆಗೆ ಮನೆಯೇ ಸೂತಕ ಹಿಡಿದಂತೆ ಮೌನವಾಗುತ್ತದೆ. ಇದಕ್ಕೆ ಕಾರಣವೇನಿರಬಹುದೆಂದು ಮನಶ್ಶಾಸ್ತ್ರಜ್ಞರು ಯೋಚಿಸಲಿ.

ನಮ್ಮ ಕಾರಿಗೆ ಒಂದೇ ಬೇಸಿಗೆಯಲ್ಲಿ ಮೂರು ಬಗೆಯ ನೆಗ್ಗುಗಳು ಬಿದ್ದವು. ಏಪ್ರಿಲ್ ತಿಂಗಳ ಒಂದು ಸಂಜೆ ಬೆಂಗಳೂರಿನಲ್ಲಿ ಆಲಿಕಲ್ಲಿನ ಮಳೆ ಸುರಿದಾಗ ಬಾನೆಟ್ಟಿನ ಮೇಲೆ ನಾಲ್ಕು ಗುಳಿಗಳಾದವು. ಅದು ದೇವರ ಲೆಕ್ಕ, ಯಾರನ್ನೂ ದೂರುವಂತಿರಲಿಲ್ಲ. ಉಳಿದೆರಡು ನನ್ನ ಮಗಳ ಲೆಕ್ಕ. ಹೊಸದಾಗಿ ಕಾರು ನಡೆಸಲು ಕಲಿತ ಅವಳು ಗೇಟಿನ ಕಂಬಕ್ಕೆ ಬಾಗಿಲನ್ನು ಉಜ್ಜಿ ಒಂದು ಮಡಿಕೆಯನ್ನು ಮೂಡಿಸಿದಳು. ಗಾಬರಿಯಲ್ಲಿ ಹಿಂದಕ್ಕೆ ಬಿಟ್ಟು ನೀರಿನ ತೊಟ್ಟಿಗೆ ಬಂಪರನ್ನು ತಾಗಿಸಿದಳು. ಅಂದು ಕಾರಿನ ಬೀಗದ ಕೈ ಗೋಡೆಯ ಮೊಳೆಗೆ ಏರಿದ್ದು ಒಂದು ತಿಂಗಳಾದರೂ ಇಳಿಯಲಿಲ್ಲ.

ಇಳಿಯದಿದ್ದರೆ ನಡೆಯುವಂತಿರಲಿಲ್ಲ. ನನ್ನ ತಾಯಿಗೆ ಎಂಬತ್ತನಾಲ್ಕು ವರ್ಷ. ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ವಾರಕ್ಕೆ ಮೂರು ದಿನ ಅವರನ್ನು ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಬೇಕು. ಆಟೋರಿಕ್ಷಾದ ಮೆಟ್ಟಿಲು ಅವರ ಪಾಲಿಗೆ ಬೆಟ್ಟ. ನನಗೆ ಕಣ್ಣಿನ ವೈದ್ಯರು ಕಾರು ನಡೆಸಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮಗಳು ಕಾರು ಕಲಿತದ್ದೇ ಅಜ್ಜಿಗಾಗಿ. ಈಗ ಅವಳು ಆ ಮಡಿಕೆಯನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದಳು. "ಅದು ಇರೋವರೆಗೂ ನಾನು ಸ್ಟಿಯರಿಂಗ್ ಮುಟ್ಟೋಲ್ಲ ಅಪ್ಪ," ಎಂದು ಒಂದೇ ಮಾತು.

ಇಂಥ ಸಮಯದಲ್ಲಿ ಮೈಸೂರಿನಿಂದ ನನ್ನ ಅಕ್ಕನ ಮಗ ಬಂದನು. ಕಂಪ್ಯೂಟರಿನ ಕೆಲಸದವನು, ಜಗತ್ತಿನ ಎಲ್ಲ ತೊಂದರೆಗೂ ಎರಡು ನಿಮಿಷದ ಚಲಚ್ಚಿತ್ರದಲ್ಲಿ ಪರಿಹಾರವುಂಟೆಂದು ನಂಬಿದವನು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಮಾಡಿ, "ಮಾವ, ಟಿಂಕರಿಂಗ್‌ನವನಿಗೆ ಯಾಕೆ ದುಡ್ಡು ಸುರೀತೀರಿ? ಐದು ಕಿಲೋ ಡ್ರೈ ಐಸ್ ತರ್ತೀನಿ. ಚಳಿಗೆ ತಗಡು ಕುಗ್ಗಿ ನೆಗ್ಗೆಲ್ಲ ತಾನೇ ಮೇಲೆ ಬರತ್ತೆ," ಎಂದನು. ಆಲಿಕಲ್ಲು ಮಾಡಿದ ಗಾಯಕ್ಕೆ ಮಂಜುಗಡ್ಡೆಯೇ ಮದ್ದು! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ಯೋಜನೆ ನನ್ನ ಮಗಳಿಗೆ ಬಹಳ ಹಿಡಿಸಿತು. ಅವಳ ಮುಖದಲ್ಲಿ ಒಂದು ತಿಂಗಳ ಮೇಲೆ ಗೆಲುವು ಕಂಡದ್ದರಿಂದ ನಾನೂ ಬೇಡವೆನ್ನಲಿಲ್ಲ.

ಡ್ರೈ ಐಸ್ ಎಂದರೆ ಒಣ ಮಂಜುಗಡ್ಡೆ. ಇದು ನೀರಲ್ಲ, ನಾವು ಉಸಿರಿನಲ್ಲಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವೇ ಹೆಪ್ಪುಗಟ್ಟಿ ಕಲ್ಲಿನಂತಾದುದು. 1835ರಲ್ಲಿ ಫ್ರಾನ್ಸಿನ ತಿಲೋರಿಯೇ ಎಂಬಾತನು ಇದನ್ನು ಮೊದಲು ಕಂಡು ವರದಿ ಮಾಡಿದನು. ಇದರ ಶೈತ್ಯ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಹೋಗುವುದು ಇದರ ಗುಣ. ಐಸ್ ಕ್ರೀಮ್ ಸಾಗಿಸುವವರೂ ಲಸಿಕೆ ಸಾಗಿಸುವವರೂ ಇದನ್ನು ಬಳಸುತ್ತಾರೆ. ಪೌರಾಣಿಕ ನಾಟಕಗಳಲ್ಲಿ ದೇವಲೋಕದ ನೆಲದ ಮೇಲೆ ಹರಿದಾಡುವ ಬಿಳಿಯ ಮೋಡವನ್ನು ನೀವು ನೋಡಿರಬಹುದು; ಅದೂ ಇದರ ಪ್ರಸಾದವೇ.

ಶೀತಕ್ಕೆ ಲೋಹ ಕುಗ್ಗುತ್ತದೆ, ನಿಜ. ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿರಿದಾದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿದರೆ ಅದು ಚಕ್ರವನ್ನು ಭದ್ರವಾಗಿ ಬಿಗಿದುಕೊಳ್ಳುತ್ತದೆ. ಆದರೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿಗೆ ಮಿಲಿಮೀಟರಿನ ಸಾವಿರದಲ್ಲಿ ಸುಮಾರು 12 ಪಾಲು ಕುಗ್ಗುತ್ತದೆ. ನಾಲ್ಕೂವರೆ ಮೀಟರಿನ ಗಾಡಿ ಪಟ್ಟಿ 600 ಡಿಗ್ರಿ ಆರಿದಾಗ ಒಂದು ಅಂಗುಲಕ್ಕೂ ಮಿಕ್ಕಿ ಕುಗ್ಗುವುದು. ನಮ್ಮ ಬಾನೆಟ್ಟಿನ ಗುಳಿಯೋ ಮೂರು ಸೆಂಟಿಮೀಟರ್ ಅಗಲ. ನೂರು ಡಿಗ್ರಿ ತಣಿಸಿದರೂ ಅದು ಕುಗ್ಗುವುದು ಮಿಲಿಮೀಟರಿನ ನೂರರಲ್ಲಿ ಮೂರೂವರೆ ಪಾಲು, ತಲೆಗೂದಲಿನ ದಪ್ಪಕ್ಕೂ ಕಡಮೆ. ಅದೂ ಮತ್ತೆ ಬೆಚ್ಚಗಾಗುವವರೆಗೆ ಮಾತ್ರ.

ಹಾಗಾದರೆ ಇದರಿಂದ ನೆಗ್ಗು ಎದ್ದಿತೆನ್ನುವವರೆಲ್ಲರೂ ಸುಳ್ಳು ಹೇಳುತ್ತಾರೆಯೆ? ಹಾಗೂ ಅಲ್ಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿ. 'ಟಕ್' ಎಂದು ಒಳಹೋಗುತ್ತದೆ. ಅಂಚಿನಲ್ಲಿ ಕೊಂಚ ಮುಟ್ಟಿದರೆ 'ಟಕ್' ಎಂದು ಹೊರಬರುತ್ತದೆ. ಕೆಲವು ನೆಗ್ಗುಗಳು ಇಂಥವು. ತಗಡು ಒಳಗೆ ಸಿಕ್ಕಿಕೊಂಡಿರುತ್ತದೆಯೇ ಹೊರತು ಹಿಗ್ಗಿರುವುದಿಲ್ಲ; ತನ್ನ ಹಳೆಯ ರೂಪಕ್ಕೆ ಮರಳಲು ಒಂದು ನೆಪಕ್ಕಾಗಿ ಕಾಯುತ್ತಿರುತ್ತದೆ. ಶೀತ ಆ ನೆಪವನ್ನು ಒದಗಿಸಬಹುದು. ಪೆಟ್ಟು ಬಿದ್ದು ಹಿಗ್ಗಿದ, ಮಡಿಕೆ ಬಿದ್ದ ತಗಡಿಗೆ ಹಳೆಯ ರೂಪವೇ ಉಳಿದಿರುವುದಿಲ್ಲ. ಅದು ಮರಳುವುದಾದರೂ ಎಲ್ಲಿಗೆ?

ಈ ಲೆಕ್ಕಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಐದು ಕಿಲೋ ಗಡ್ಡೆಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಮಳೆಯಾದ್ದರಿಂದ ಗಾಜುಗಳನ್ನೆಲ್ಲ ಏರಿಸಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಕಾರಿನಲ್ಲಿ ತರುವುದು ಅಳಿಯನ ಏರ್ಪಾಡು. ಒಂದು ಕಿಲೋ ಒಣ ಮಂಜುಗಡ್ಡೆ ಆವಿಯಾದರೆ ಐನೂರು ಲೀಟರಿಗೂ ಹೆಚ್ಚು ಅನಿಲವಾಗುತ್ತದೆ. ಸಣ್ಣ ಕಾರಿನ ಒಳಗೆ ಇರುವ ಗಾಳಿಯೇ ಮೂರು ಸಾವಿರ ಲೀಟರಿನ ಆಸುಪಾಸು. ಗಾಳಿಯಲ್ಲಿ ಈ ಅನಿಲ ನೂರಕ್ಕೆ ನಾಲ್ಕು ಪಾಲಾದರೆ ಪ್ರಾಣಕ್ಕೆ ಅಪಾಯ. ಎಂದರೆ ಕಾಲು ಕಿಲೋ ಆವಿಯಾದರೂ ಸಾಕು. ಇದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. 2018ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಐಸ್ ಕ್ರೀಮ್ ಸಾಗಿಸುವವನೊಬ್ಬನ ಕಾರಿನಲ್ಲಿ ಇಂಥ ಪೆಟ್ಟಿಗೆಗಳಿದ್ದಾಗ ಅದರಲ್ಲಿ ಪ್ರಯಾಣ ಮಾಡಿದ ವೃದ್ಧೆಯೊಬ್ಬರು ಉಸಿರುಗಟ್ಟಿ ಮೃತಪಟ್ಟರು. ನಮ್ಮ ದೇಶದಲ್ಲೇ, 2024ರ ಮಾರ್ಚ್ ತಿಂಗಳಲ್ಲಿ, ಗುರುಗ್ರಾಮದ ಒಂದು ಹೋಟೆಲಿನಲ್ಲಿ ಊಟದ ನಂತರ ಬಾಯಿಯ ಸುವಾಸನೆಗೆಂದು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡ ಐವರು ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದರು. ಅದು ಡ್ರೈ ಐಸ್ ಆಗಿತ್ತು.

ನಾನು ಇಷ್ಟನ್ನೂ ಹೇಳಿದಾಗ ಅಳಿಯ ನಗಲಿಲ್ಲ. ಅದು ಅವನ ದೊಡ್ಡ ಗುಣ. ಒಂದೇ ಕಿಲೋ ತಂದನು, ಗಾಜುಗಳನ್ನು ಇಳಿಸಿಕೊಂಡು, ಒಬ್ಬನೇ, ಅರ್ಧ ನೆನೆದು ತಂದನು. ಪೆಟ್ಟಿಗೆಯನ್ನು ಮನೆಯೊಳಗೆ ಸೇರಿಸದೆ ಅಂಗಳದಲ್ಲೇ ಇರಿಸಿದೆವು. ಅನಿಲ ಹೊರಹೋಗಲೆಂದು ಮುಚ್ಚಳವನ್ನು ಬಿಗಿಯಲಿಲ್ಲ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿಟ್ಟರೆ ಇದು ಬಾಂಬಿನಂತೆ ಸಿಡಿಯುತ್ತದೆ.

ಬೆಳಗಿನ ಬಿಸಿಲಿಗೆ ಬಾನೆಟ್ಟು ಕಾದ ಮೇಲೆ ಕಾರ್ಯಾರಂಭವಾಯಿತು. ತೊಗಲಿನ ಕೈಗವಸು, ಕನ್ನಡಕ, ಹಳೆಯ ಕಂಬಳಿಯ ತುಂಡು. ಬರಿಗೈಯಿಂದ ಮುಟ್ಟಿದರೆ ಬೆಂಕಿ ತಗುಲಿದಂತೆಯೇ ಚರ್ಮ ಸುಡುತ್ತದೆ. ಅಳಿಯ ಗಡ್ಡೆಯನ್ನು ಗುಳಿಯ ಮೇಲೆ ಇಟ್ಟು ಅರವತ್ತರವರೆಗೆ ಎಣಿಸುವನು. ಕಬ್ಬಿಣವು ಕಿರ್ರೆಂದು ಅಳುವುದು. ತೆಗೆದ ಜಾಗದಲ್ಲಿ ಬಿಳಿಯ ಇಬ್ಬನಿ ಮೂಡುವುದು. ನನ್ನ ತಾಯಿ ಜಗಲಿಯ ಕುರ್ಚಿಯಲ್ಲಿ ಕುಳಿತು, "ಯಾವ ದೇವರಿಗೋ ಈ ಅಭಿಷೇಕ?" ಎಂದು ಕೇಳಿದರು. ಎರಡನೆಯ ಗುಳಿ ನಿಜವಾಗಿಯೂ 'ಟಕ್' ಎಂದು ಎದ್ದಿತು! ಮಗಳು ಚಪ್ಪಾಳೆ ತಟ್ಟಿದಳು. ಉಳಿದ ಮೂರರಲ್ಲಿ ಎರಡು, ಇಬ್ಬನಿ ಇರುವವರೆಗೆ ಮಾಯವಾದಂತೆ ಕಂಡು, ಕಾಫಿ ಮುಗಿಯುವಷ್ಟರಲ್ಲಿ ಮರಳಿ ಕಾಣಿಸಿಕೊಂಡವು. ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಬಾಗಿಲಿನ ಮಡಿಕೆಯ ಮೇಲೆ ಗಡ್ಡೆಯನ್ನು ಇಡಲು ನಾನು ಬಿಡಲಿಲ್ಲ. ಅಲ್ಲಿ ಬಣ್ಣ ಆಗಲೇ ಕೂದಲೆಳೆಯಷ್ಟು ಬಿರಿದಿತ್ತು. ಅತಿಶೀತದಲ್ಲಿ ಬಣ್ಣ ಗಾಜಿನಂತೆ ಪೆಡಸಾಗುತ್ತದೆ, ಬಿರಿದದ್ದು ಹೋಳಾಗಿ ಉದುರಿದರೆ ತುಕ್ಕಿಗೆ ಆಮಂತ್ರಣ ಕೊಟ್ಟಂತೆ.

ಮರುದಿನ ನಮ್ಮ ಬೀದಿಯ ಕೊನೆಯ ಟಿಂಕರಿಂಗ್ ಮೇಸ್ತ್ರಿಯನ್ನು ಕರೆತಂದೆವು. ಆತನು ಬಾನೆಟ್ಟಿನ ಎದುರಿಗೆ ಒಂದು ಟ್ಯೂಬ್‌ಲೈಟನ್ನು ಹಿಡಿಸಿ, ಬಣ್ಣದಲ್ಲಿ ಮೂಡಿದ ಅದರ ಪ್ರತಿಬಿಂಬವನ್ನು ನೋಡತೊಡಗಿದನು. ತಗಡು ನೆಟ್ಟಗಿರುವಲ್ಲಿ ಬೆಳಕಿನ ಗೆರೆ ನೆಟ್ಟಗೆ. ಗುಳಿಯಿರುವಲ್ಲಿ ಅದು ಹಾವಿನಂತೆ ಬಳುಕುವುದು. ಬಾನೆಟ್ಟಿನ ಒಳಗಿನ ಕಂಡಿಗಳಿಂದ ಕೊಕ್ಕೆಯಂತೆ ಬಾಗಿದ ಸರಳನ್ನು ತೂರಿಸಿ, ಕಣ್ಣನ್ನು ಗೆರೆಯ ಮೇಲೇ ನೆಟ್ಟು, ಎಳ್ಳಷ್ಟು, ಮತ್ತೆ ಎಳ್ಳಷ್ಟು ಒತ್ತಿದನು. ಒಂದೂವರೆ ಗಂಟೆಯಲ್ಲಿ ಮೂರು ಗುಳಿಗಳೂ ಎದ್ದವು. ಬಣ್ಣಕ್ಕೆ ಒಂದು ಗೀರೂ ಆಗಲಿಲ್ಲ. ನನಗೆ ಕಂಚುಗಾರನ ಅಂಗೈ ನೆನಪಾಯಿತು.

ಮಡಿಕೆಯ ಮೇಲೆ ಬೆರಳಾಡಿಸಿ ಆತನು ತಲೆಯಾಡಿಸಿದನು. "ಇದು ಹಿಗ್ಗಿಬಿಟ್ಟಿದೆ ಸಾರ್. ಕೆಂಪಗೆ ಕಾಯಿಸಿ, ತಟ್ಟಿ, ಒದ್ದೆ ಬಟ್ಟೆ ಒತ್ತಿದರೆ ಕುಗ್ಗತ್ತೆ. ಆದರೆ ಬಣ್ಣ ಸುಟ್ಟುಹೋಗತ್ತೆ, ಇಡೀ ಬಾಗಿಲಿಗೆ ಪೇಂಟ್ ಹೊಡೀಬೇಕು." ಗಾಡಿಯ ಚಕ್ರದ ನ್ಯಾಯವೇ ಇಲ್ಲಿಯೂ! ಹಿಗ್ಗಿದ ತಗಡನ್ನು ತಣ್ಣನೆಯ ಬಟ್ಟೆ ಕುಗ್ಗಿಸಬಲ್ಲದು, ಆದರೆ ಮೊದಲು ಬೆಂಕಿ ಬೇಕು. ಬರಿಯ ಶೀತದಿಂದ ಆಗುವ ಕೆಲಸವಲ್ಲ. ಬಿರುಕಿನ ಮೇಲೆ ಒಂದಿಷ್ಟು ಬಣ್ಣ ತೀಡಿ, ತುಕ್ಕು ಹಿಡಿಯದಂತೆ ಮಾಡಿ, ಮಡಿಕೆಯನ್ನು ಹಾಗೆಯೇ ಬಿಡುವಂತೆ ಆತನೇ ಸಲಹೆ ಕೊಟ್ಟನು. ಹಣಕ್ಕೆ ಆಸೆಪಟ್ಟಿದ್ದರೆ ಬೇರೆ ಮಾತು ಹೇಳಬಹುದಿತ್ತು.

"ಬಂಪರ್?" ಎಂದಳು ಮಗಳು, ಕುಗ್ಗಿದ ಧ್ವನಿಯಲ್ಲಿ.

"ಅದು ಪ್ಲಾಸ್ಟಿಕ್ ಅಲ್ವೇನಮ್ಮ? ನೀವೇ ತೆಗೀಬಹುದು. ಬಿಸಿನೀರು ತನ್ನಿ."

ಪ್ಲಾಸ್ಟಿಕ್ಕಿಗೆ ಶೀತವೆಂದರೆ ಶತ್ರು, ಪೆಡಸಾಗಿ ಒಡೆಯುತ್ತದೆ. ಶಾಖಕ್ಕೆ ಮಾತ್ರ ಮೆತ್ತಗಾಗಿ ಒಲಿಯುತ್ತದೆ. ಅಡಿಗೆಮನೆಯಿಂದ ಕುದಿಯುವ ನೀರು ಬಂದಿತು. ಅಳಿಯ ಮೇಲಿನಿಂದ ಹುಷಾರಾಗಿ ಸುರಿದನು. ಮಗಳು ದಪ್ಪ ಕೈಗವಸು ತೊಟ್ಟು ಬಂಪರಿನ ಕೆಳಗಿನಿಂದ ಕೈತೂರಿಸಿ ಒತ್ತಿದಳು. ಮೊದಲ ಚೆಂಬಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅವಳ ಕೈಯಡಿಯಲ್ಲಿ ಅದು ದಪ್ಪೆಂದು ಹೊರಕ್ಕೆ ಬಂದಿತು. "ಭಾವ, ಇನ್ನೊಂದು ಚೆಂಬು!" ಎಂದು ಅವಳು ಕೂಗಿದ್ದು ಮೂರು ಮನೆಗಳಾಚೆಗೂ ಕೇಳಿಸಿರಬೇಕು.

ಆ ವಾರದ ಗುರುವಾರ ಅವಳೇ ಅಜ್ಜಿಯನ್ನು ಚಿಕಿತ್ಸೆಗೆ ಕರೆದೊಯ್ದಳು. ಮಡಿಕೆಯಿದ್ದ ಬಾಗಿಲು ನನ್ನ ತಾಯಿ ಕೂರುವ ಕಡೆಯದು. ಅವರು ಹತ್ತುವಾಗ ಅದರ ಮೇಲೆ ಕೈಯೂರಿ, "ಹಿಡಿದುಕೊಳ್ಳೋಕೆ ಚೆನ್ನಾಗಿದೆ," ಎಂದರು.