ಕಿವಿ ಸೋರದಿದ್ದರೂ ಒಳಗೆ ನೀರಿರುತ್ತೆ

ನಮ್ಮ ಕೇರಿಯ ಏಳು ವರ್ಷದ ಹುಡುಗಿಗೆ ಹುಟ್ಟಿನಿಂದ ಕಿವಿ ಮಂದ. ಎರಡೂ ಕಿವಿಗೆ ಮಿಷನ್ ಇದೆ. ಈ ಮಳೆಗಾಲದ ನೆಗಡಿ ಬಿಟ್ಟ ಮೇಲೆ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಸೆಲ್ ಬದಲಿಸಿದರೂ ಅಷ್ಟೇ. ಮೇಷ್ಟ್ರು ಅವರಪ್ಪನಿಗೆ ಹೇಳಿದ್ದು: "ಇವಳಿಗೆ ಓದು ಹತ್ತಲ್ಲ, ಬಿಡಪ್ಪ." ನಮ್ಮ ಮಕ್ಕಳ ಮೇಲೆ ಈ ತೀರ್ಪು ಎಷ್ಟು ಬೇಗ ಬರುತ್ತೆ ನೋಡಿ!

ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ವಿ. ಆಡಿಯಾಲಜಿಸ್ಟ್ ಮೇಡಂ ಕಿವಿಗೆ ಮೆತ್ತನೆ ರಬ್ಬರ್ ತುದಿ ಇಟ್ಟು ಟಿಂಪನೋಮೆಟ್ರಿ ಮಾಡಿದರು. ಒಂದೆರಡು ನಿಮಿಷದ ಕೆಲಸ, ಮಗು ಉತ್ತರ ಹೇಳಬೇಕಾಗಿಲ್ಲ. ಗಾಳಿಯ ಒತ್ತಡ ಬದಲಿಸಿದಾಗ ಕಿವಿತಮಟೆ ಆಡಬೇಕು. ಹಿಂದೆ ನೀರಿದ್ದರೆ ಆಡಲ್ಲ, ಗುಡ್ಡದ ಹಾಗೆ ಏಳಬೇಕಾದ ಗೆರೆ ಚಪ್ಪಟೆ ಬರುತ್ತೆ. ಥಂಡಿಗೆ ಸದ್ದು ಸತ್ತ ತಮಟೆಯನ್ನ ಬೆಂಕಿಗೆ ಕಾಯಿಸೋ ನಮಗೆ ಇದನ್ನ ಬಿಡಿಸಿ ಹೇಳಬೇಕಾ?

ಇವಳದು ಎರಡೂ ಚಪ್ಪಟೆ. ನರದ ಕಿವುಡಿನ ಮೇಲೆ ನೀರಿನ ಕಿವುಡು. ನೋವಿಲ್ಲ, ಸೋರಲ್ಲ, ಅದಕ್ಕೇ ಕಾಣಲ್ಲ. ಮೊದಲೇ ಕೇಳಿಸದ ಮಗು ಅಂದಮೇಲೆ ಯಾರೂ ಹುಡುಕೋದೂ ಇಲ್ಲ. ಬಹಳ ಮಕ್ಕಳಿಗೆ ಮೂರು ತಿಂಗಳಲ್ಲಿ ತಾನೇ ಇಂಗುತ್ತೆ. ಇಂಗದಿದ್ದರೆ ಗ್ರೊಮೆಟ್ ಅನ್ನೋ ಪುಟ್ಟ ಕೊಳವೆ ಇಡ್ತಾರೆ. ಮಿಷನ್ ಹಾಕೋ ಮಗುವಿಗೆ ಅಷ್ಟು ದಿನವೂ ಪಾಠ ತಪ್ಪುತ್ತೆ, ಕಾಯಬೇಕಾ ಅಂತ ಡಾಕ್ಟರನ್ನ ಕೇಳಲೇಬೇಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವುಡೂ ಇದೆ, ಮಧ್ಯಕಿವಿಯ ಸೋಂಕೂ ಇದೆ. ತಂಡ ಶಾಲೆಗೆ ಬಂದಾಗ "ಇವಳಿಗೆ ಮಿಷನ್ ಇದೆಯಲ್ಲ" ಅಂತ ದಾಟಿ ಹೋಗೋಕೆ ಬಿಡಬೇಡಿ. ಟಿಂಪನೋಮೆಟ್ರಿಗೆ ಚೀಟಿ ಬರೆಸಿಕೊಳ್ಳಿ.