ಎಂಟು ದೀಪದ ಮನೆಗೆ ಉಡುಗೊರೆ

ದೀಪಾವಳಿ ಬಂತೆಂದರೆ ನಮ್ಮ ಶಿಕಾರಿಪುರ, ಸೊರಬಗಳ ಕಡೆಯ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯವರು ರಾತ್ರಿಯೆಲ್ಲ ಹಾಡುತ್ತ ಮನೆಮನೆಗೆ ದೀಪವನ್ನು ತರುವರು. ಮನೆಯೊಡತಿಯು ಅವರ ಜ್ಯೋತಿಯಿಂದ ತನ್ನ ಹಣತೆಯನ್ನು ಹಚ್ಚಿಕೊಂಡು, ಅವರ ದೀಪಕ್ಕೆ ಎಣ್ಣೆಯನ್ನೆರೆದು ಕಳುಹಿಸುವಳು. ನಡುದಾರಿಯಲ್ಲಿ ಆ ದೀಪವು ಆರಕೂಡದು. ಇದನ್ನು ಕಂಡು ಬೆಳೆದವರಿಗೆ ಯೆಹೂದ್ಯರ ಹನುಕ್ಕಾ ಹಬ್ಬವನ್ನು ತಿಳಿಸಲು ಬಹಳ ಮಾತು ಬೇಕಿಲ್ಲ.

ಯವನ ಅರಸನಿಂದ ಮಲಿನಗೊಂಡಿದ್ದ ಜೆರೂಸಲೇಮಿನ ದೇವಾಲಯವನ್ನು ಯೆಹೂದ್ಯರು ಕ್ರಿಸ್ತಪೂರ್ವ 164ರಲ್ಲಿ ಮರಳಿ ಪಡೆದು ಶುದ್ಧಿಗೊಳಿಸಿದರು. ಆಗ ದೊರೆತ ಒಂದು ದಿನದ ಎಣ್ಣೆಯು ಎಂಟು ದಿನ ಉರಿಯಿತೆಂದು ಅವರ ಹಿರಿಯರು ಹೇಳುವರು. ಅದರ ನೆನಪಿಗಾಗಿ ಮೊದಲ ಸಂಜೆ ಒಂದು, ಮರುಸಂಜೆ ಎರಡು, ಹೀಗೆ ಎಂಟರವರೆಗೆ ದೀಪಗಳನ್ನು ಏರಿಸುತ್ತಾರೆ. ನಮ್ಮ ದೀಪಾವಳಿಯಂತೆ ಅವರ ಹಬ್ಬದ ನಡುವೆಯೂ ಒಂದು ಅಮಾವಾಸ್ಯೆ ಬರುವುದು. ಅದು ಸಾಮಾನ್ಯವಾಗಿ ಕಾರ್ತಿಕದ್ದು, ಇಲ್ಲವೇ ಮಾರ್ಗಶಿರದ್ದು.

ಹೋಲಿಕೆ ಇಷ್ಟಿರುವುದರಿಂದಲೇ ಎಡವುವುದೂ ಸುಲಭ. ಬೆಂಗಳೂರಿನಲ್ಲಿ ನಾವು ಕೆಲವು ಕಾಲವಿದ್ದಾಗ ನೆರೆಯವರಾಗಿದ್ದ ಗೆಳತಿಯೊಬ್ಬರು ಬೆನೆ ಇಸ್ರೇಲ್ ಮನೆತನದವರು. ಅವರ ಪೂರ್ವಜರು ಕೊಂಕಣದ ಕರಾವಳಿಯಲ್ಲಿ ಗಾಣವಾಡುತ್ತಿದ್ದವರು. ಶನಿವಾರ ಗಾಣ ಕಟ್ಟದ ಕಾರಣ ಅಲ್ಲಿಯ ಜನರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಈ ಸಮಾಜದವರಿಗೆ ನಮ್ಮ ನಾಡು ಹೊರಗಿನದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿಯೇ, ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯೆಹೂದ್ಯರ ಸಮಾಧಿಭೂಮಿಗೆ ಸ್ಥಳ ದೊರೆಯಿತು. ಗೆಳತಿಯ ಬಂಧುಗಳಲ್ಲಿ ಬಹುಮಂದಿ ಈಗ ಇಸ್ರೇಲಿನಲ್ಲಿ ನೆಲಸಿದ್ದಾರೆ. ಕಿಟಕಿಯಲ್ಲಿ ದೀಪವಿಡುವವರು ಇವರೊಬ್ಬರೇ.

ಪರಿಚಿತರೊಬ್ಬರು ಒಂದು ವರ್ಷ ಪ್ರೀತಿಯಿಂದ ಗಜಲಕ್ಷ್ಮಿಯ ಹಿತ್ತಾಳೆ ದೀಪವನ್ನು ಕೊಟ್ಟರು. ಗೆಳತಿ ಅದನ್ನು ಆದರದಿಂದ ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಮೂರ್ತಿಪೂಜೆಯಿಲ್ಲದ ಮನೆಯಲ್ಲಿ ಅದನ್ನು ಹಚ್ಚುವುದೆಲ್ಲಿ? ಮತ್ತೊಬ್ಬರು ಕ್ರಿಸ್‌ಮಸ್ಸಿನ ನಕ್ಷತ್ರವನ್ನೇ ತಂದು ತೂಗುಹಾಕಿದರು! ತಮ್ಮ ಹಬ್ಬವು ಯಾರ ಕಣ್ಣಿಗೂ ತಮ್ಮದಾಗಿ ಕಾಣದೆಂಬ ನೋವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಮಗೆ ತಿಳಿಯಿತು.

ಊರಿಗೆ ಬಂದ ಮೇಲೆ ನಾವು ಸೊರಬದ ಗುಡಿಗಾರರೊಬ್ಬರಲ್ಲಿಗೆ ಹೋದೆವು. ಗಂಧದ ಕೆತ್ತನೆಯಲ್ಲಿ ಹೆಸರಾದ ಕುಲವದು. ಗಂಧಕ್ಕೆ ನಮ್ಮ ಕೈ ಎಟುಕದ ಕಾರಣ ಶಿವನೆ ಮರದ ಹಲಗೆಯನ್ನು ಆರಿಸಿದೆವು. ದೇವರು ಬೇಡ, ಆನೆ ಬೇಡ, ಅಂಚಿಗೆ ದ್ರಾಕ್ಷಿಯ ಬಳ್ಳಿ ಸಾಕು. ಹಣತೆಗಳಿಗೆ ಒಂದೇ ಸಾಲಿನಲ್ಲಿ, ಒಂದೇ ಮಟ್ಟದಲ್ಲಿ ಎಂಟು ಗುಳಿ, ಬೇರೆಯಾಗಿ ತುಸು ಎತ್ತರದಲ್ಲಿ ಒಂಬತ್ತನೆಯದು. ಗುಳಿಗೊಂದು ತಾಮ್ರದ ತಗಡು ಎಂದೆವು.

“ಎಂಟು ದೀಪಕ್ಕೆ ಒಂಬತ್ತು ಗುಳಿ ಯಾಕೆ?” ಎಂದು ಅವರು ಕೇಳಿದರು.

ಹಬ್ಬದ ದೀಪಗಳ ಬೆಳಕಿನಲ್ಲಿ ಓದಬಾರದು, ತರಕಾರಿ ಹೆಚ್ಚಬಾರದು; ನೋಡಿ ಸಂತೋಷಪಡಬೇಕು, ಅಷ್ಟೆ. ಉಳಿದವುಗಳನ್ನು ಹಚ್ಚುವ ಒಂಬತ್ತನೆಯದು ಸೇವೆಯ ದೀಪ. ಅದರ ಹೆಸರಾದ ‘ಶಮಾಶ್’ ಎಂಬುದಕ್ಕೆ ಸೇವಕನೆಂದೇ ಅರ್ಥ.

“ಆಳಿಗೆ ಮೇಲಿನ ಮಣೆಯೋ!” ಎಂದು ಅವರು ನಕ್ಕು ಉಳಿಯನ್ನು ಎತ್ತಿಕೊಂಡರು.

ತಿಂಡಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ದೇವರಿಗೆ ನೈವೇದ್ಯವಾದುದನ್ನು ಕೊಡಕೂಡದು. ಅಡಿಗೆಯ ಪಾತ್ರೆಗಳಿಗೂ ಅವರಲ್ಲಿ ನಿಯಮಗಳುಂಟಾದುದರಿಂದ ನಮ್ಮ ಮನೆಯಲ್ಲಿ ಕರಿದುದನ್ನು ಒಯ್ಯಲಿಲ್ಲ. ಅವಲಕ್ಕಿ, ತೆಂಗಿನಕಾಯಿ, ಏಲಕ್ಕಿಗಳನ್ನು ಕಟ್ಟಿಕೊಂಡೆವು. ಬೆನೆ ಇಸ್ರೇಲರು ಹರಕೆಗೆ ಮಾಡುವ ‘ಮಲೀದಾ’ ಎಂಬುದು ಸಿಹಿ ಅವಲಕ್ಕಿಯೇ ಅಲ್ಲವೆ! ದೀಪಕ್ಕೆ ಆಲಿವ್ ಎಣ್ಣೆ ಶ್ರೇಷ್ಠವೆನ್ನುವರು, ಎಳ್ಳೆಣ್ಣೆಯೂ ಸಲ್ಲುವುದು. ಜೊತೆಗೆ ಹೊಸ ಹಣತೆಗಳು. ಶುಕ್ರವಾರ ಸಬ್ಬತ್ತು ತೊಡಗುವ ಮುನ್ನವೇ ದೀಪ ಹಚ್ಚಬೇಕಾದುದರಿಂದ ಅಂದು ಹೊತ್ತು ಮುಳುಗಿದ ಮೇಲೆ ಉಡುಗೊರೆಯೊಡನೆ ಹೋಗುವುದು ಸಲ್ಲದು.

ಬಣ್ಣದ ಕಾಗದವನ್ನು ನಾವು ಕೊಂಡೊಯ್ಯಲಿಲ್ಲ. ಕಿಟಕಿಯ ಪರದೆಯನ್ನು ಸರಿಸಿ, ಗಾಜನ್ನು ಒರಸಿ, ಹಲಗೆಯನ್ನು ಬೀದಿಗೆ ಕಾಣುವಂತೆ ಇಟ್ಟೆವು. ಎಣ್ಣೆ ಎರೆದವರು ನಾವು. ಪ್ರಾರ್ಥನೆ ಹೇಳಿ ಹಚ್ಚಿದವರು ಗೆಳತಿ. ದೀಪ ಉರಿಯುವ ಮೊದಲ ಅರ್ಧ ಗಂಟೆ ಹೆಂಗಸರು ಕೆಲಸಕ್ಕೆ ಕೈಹಾಕಬಾರದೆಂಬ ವಾಡಿಕೆ ಅವರಲ್ಲುಂಟು. ಅಷ್ಟರಲ್ಲಿ ಎದುರುಮನೆಯ ಸೊಸೆ ಮಗುವನ್ನೆತ್ತಿಕೊಂಡು ಬಂದು, “ಇದ್ಯಾವ ಹಬ್ಬ, ಅಮ್ಮಾ?” ಎಂದು ಕೇಳಿದಳು. ಗೆಳತಿ ಅವಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಜೆರೂಸಲೇಮಿನ ಎಣ್ಣೆಯ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು.